ಹಳೇ ಗೇಮಿಂಗ್ ಪಿಸಿಗೆ ಮತ್ತೆ ಜೀವ ಬಂದದ್ದು ಹೀಗೆ

ಎಂಟು ವರ್ಷದ ಪಿಸಿ. ಗೇಮ್ ಶುರುವಾದ ಹತ್ತೇ ನಿಮಿಷಕ್ಕೆ ತಡವರಿಸುತ್ತಿತ್ತು. ಗ್ರಾಫಿಕ್ಸ್ ಕಾರ್ಡ್‌ದೇ ತಪ್ಪು ಅಂದುಕೊಂಡಿದ್ದೆ. ಹೊಸದು ಕೊಳ್ಳುವ ಮೊದಲು ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಮೆಮೊರಿ (ರ‍್ಯಾಮ್) 97%, ಹಾರ್ಡ್ ಡಿಸ್ಕ್ 100%. ಗ್ರಾಫಿಕ್ಸ್ ಕಾರ್ಡ್ ಅರ್ಧ ಕೆಲಸವೂ ಇಲ್ಲದೆ ಸುಮ್ನೆ ಕೂತಿತ್ತು.

ಇದ್ದದ್ದು 8 ಜಿಬಿಯ ಒಂದೇ ರ‍್ಯಾಮ್. ಅದೇ ಮಾದರಿಯ ಇನ್ನೊಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಅಕ್ಕಪಕ್ಕದ ಸ್ಲಾಟ್‌ಗಳಲ್ಲಿ ಹಾಕಿದೆ, ವೇಗ ಅಷ್ಟಕ್ಕಷ್ಟೇ. ಮದರ್‌ಬೋರ್ಡ್ ಪುಸ್ತಕ ನೋಡಿದರೆ, ಸಿಪಿಯು ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕಂತೆ. ಆಗಲೇ ಡ್ಯುಯಲ್ ಚಾನೆಲ್, ಅಂದರೆ ಎರಡೂ ರ‍್ಯಾಮ್ ಒಟ್ಟಿಗೆ ಡೇಟಾ ಸಾಗಿಸುವುದು. ಇನ್ನೊಂದು ಎಡವಟ್ಟು: 3200 ವೇಗದ ರ‍್ಯಾಮ್ ಇಷ್ಟು ವರ್ಷ 2133ರಲ್ಲೇ ಓಡುತ್ತಿತ್ತು! ಬಯೋಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಮಾಡಿರಲೇ ಇಲ್ಲ. ಕಾಸು ಖರ್ಚಿಲ್ಲದ ಅಪ್‌ಗ್ರೇಡ್ ಅಲ್ವಾ?

ಆಮೇಲೆ ಹಾರ್ಡ್ ಡಿಸ್ಕ್ ಬದಲು ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಸ್ಟೋರೇಜ್, ಹಾಕಿದೆ. ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿ ಇನ್ನೂ ಜಾಸ್ತಿ ವೇಗ, ನಿಜ. ಆದರೆ ಹಾರ್ಡ್ ಡಿಸ್ಕ್‌ನಿಂದ ಬಂದವನಿಗೆ ಇದೇ ಸಾಕು. ಮೊದಲು ಲೋಡಿಂಗ್ ನಡುವೆ ನೀರು ಕುಡಿದು ಬರುತ್ತಿದ್ದೆ. ಈಗ ಎದ್ದೇಳುವಷ್ಟರಲ್ಲೇ ಗೇಮ್ ರೆಡಿ.

ಕೊನೆಗೆ ಸಿಪಿಯು ಕೂಲರ್ ಬಿಚ್ಚಿದೆ. ಸಿಪಿಯು ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತೆ ಉದುರಿತು. ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. 94 ಡಿಗ್ರಿ ಮುಟ್ಟುತ್ತಿದ್ದ ಬಿಸಿ ಈಗ 72 ದಾಟುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇನ್ನೂ ಅದೇ ಹಳೇದು.