ಮಾರ್ಷಲ್ ಮನೆತನದ ಜಾಡು ಹಿಡಿದು: ಮಧ್ಯಯುಗದ ಇಂಗ್ಲಿಷ್ ವಂಶಾವಳಿಯೊಂದನ್ನು ಕಟ್ಟುವ ಬಗೆ

ಇಂಗ್ಲೆಂಡಿನ ಮಧ್ಯಯುಗದ ಶ್ರೀಮಂತ ಮನೆತನವೊಂದರ ವಂಶಾವಳಿ ಬರೆಯಲು ಹೊರಡುವವರು ಸಾಮಾನ್ಯವಾಗಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ 1066ರಿಂದ ಶುರುಮಾಡುತ್ತಾರೆ. ನಾರ್ಮಂಡಿಯಿಂದ ಬಂದ ಮೂಲಪುರುಷನೊಬ್ಬನನ್ನು ಹುಡುಕಿ, ಅಲ್ಲಿಂದ ಮಗ, ಮೊಮ್ಮಗ, ಮರಿಮಗ ಎಂದು ಕೆಳಕ್ಕೆ ಇಳಿಯುತ್ತಾರೆ. ಹೀಗೆ ಹೊರಟರೆ ಮೂರನೆಯ ತಲೆಮಾರು ಮುಟ್ಟುವ ಮೊದಲೇ ಕೈಯಲ್ಲಿ ಉಳಿಯುವುದು ಅರ್ಧ ದಾಖಲೆ, ಅರ್ಧ ಕಟ್ಟುಕತೆ. ಇಂಗ್ಲೆಂಡಿನಲ್ಲಿ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಿ. ಅದಕ್ಕೂ ಹಿಂದಿನ ಗುಮಾಸ್ತರಿಗೆ ಯಾರು ಯಾವಾಗ ಹುಟ್ಟಿದರೆಂಬುದು ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ರಾಜನ ಬೊಕ್ಕಸಕ್ಕೆ ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕ ಮಾತ್ರ. ಜಹಗೀರು ಕೈಬದಲಾದಾಗ, ಹುದ್ದೆ ತಂದೆಯಿಂದ ಮಗನಿಗೆ ದಾಟಿದಾಗ, ವಿಧವೆ ತನ್ನ ಪಾಲು ಕೇಳಿದಾಗ ಲೇಖನಿ ಓಡುತ್ತಿತ್ತು. ಆದ್ದರಿಂದ ರಕ್ತಸಂಬಂಧವನ್ನು ನೇರವಾಗಿ ಹುಡುಕುವ ಬದಲು ಭೂಮಿ ಮತ್ತು ಹುದ್ದೆಗಳ ಬೆನ್ನು ಹತ್ತಬೇಕು. ಸಂಬಂಧ ತಾನಾಗಿ ಕಾಣಿಸಿಕೊಳ್ಳುತ್ತದೆ.

ಇದನ್ನು ಕಲಿಯಲು ಮಾರ್ಷಲ್ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಮೊದಲನೆಯದಾಗಿ, ಇವರ ಹೆಸರೇ ಒಂದು ರಾಜಸೇವೆಯ ಹೆಸರು. ನಮ್ಮಲ್ಲಿ ಪಟೇಲ, ಶಾನುಭೋಗ, ದೇಸಾಯಿ ಎಂಬ ಹುದ್ದೆಗಳು ಮನೆತನದ ಹೆಸರುಗಳಾದಂತೆಯೇ, ಕುದುರೆ ನೋಡಿಕೊಳ್ಳುವ ಆಳು ಎಂಬ ಅರ್ಥದ ಹಳೆಯ ಜರ್ಮ್ಯಾನಿಕ್ ಪದವೊಂದು ಅರಮನೆಯ ಹುದ್ದೆಯಾಗಿ, ಆಮೇಲೆ ಅಡ್ಡಹೆಸರಾಗಿ ನಿಂತಿತು. ಎರಡನೆಯದಾಗಿ, ಈ ವಂಶದ ಗಂಡುಸಂತತಿ 1245ರಲ್ಲಿ ಒಮ್ಮೆಲೇ ಮುಗಿದುಹೋಯಿತು. ವಂಶ ಮುರಿದ ಜಾಗದಲ್ಲಿ ದಾಖಲೆಗಳು ದಟ್ಟವಾಗಿರುತ್ತವೆ, ಏಕೆಂದರೆ ಆಗ ಎಲ್ಲರೂ ಪಾಲು ಕೇಳಲು ಬರುತ್ತಾರೆ.

ಹಾಗಾಗಿ ಮೊದಲ ಕೆಲಸ ಆ 1245ರ ಅಂಚಿನಲ್ಲಿ ನಿಂತು ಹಿಂದಕ್ಕೆ ನೋಡುವುದು. ಪೆಂಬ್ರೋಕ್‌ನ ಅರ್ಲ್ ವಿಲಿಯಂ ಮಾರ್ಷಲ್ 1219ರ ಮೇ 14ರಂದು ಕ್ಯಾವರ್‌ಶಮ್‌ನಲ್ಲಿ ತೀರಿಕೊಂಡಾಗ ಅವನಿಗೆ ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು ಇದ್ದರು. ಗಂಡುಮಕ್ಕಳು ಒಬ್ಬರ ನಂತರ ಒಬ್ಬರು ಅರ್ಲ್ ಪದವಿಗೆ ಬಂದರು: ಕಿರಿಯ ವಿಲಿಯಂ 1231ರಲ್ಲಿ ಸತ್ತ, ರಿಚರ್ಡ್ 1234ರಲ್ಲಿ ಐರ್ಲೆಂಡಿನ ಕಾಳಗವೊಂದರಲ್ಲಿ ಗಾಯಗೊಂಡು ಸತ್ತ, ಗಿಲ್ಬರ್ಟ್ 1241ರಲ್ಲಿ ಪಂದ್ಯದ ಕಾಳಗದಲ್ಲಿ ಕುದುರೆಯಿಂದ ಬಿದ್ದು ಸತ್ತ, ವಾಲ್ಟರ್ 1245ರ ನವೆಂಬರಿನಲ್ಲಿ, ಆನ್ಸೆಲ್ಮ್ ಅದೇ ಡಿಸೆಂಬರಿನಲ್ಲಿ ಹೋದರು. ಐವರಲ್ಲಿ ಒಬ್ಬನಿಗೂ ಹಕ್ಕುಳ್ಳ ಸಂತಾನವಿರಲಿಲ್ಲ. ಬಿಷಪ್ಪನೊಬ್ಬನ ಶಾಪದಿಂದ ಹೀಗಾಯಿತೆಂಬ ಕತೆ ಆ ಕಾಲದಲ್ಲೇ ಹುಟ್ಟಿಕೊಂಡಿತ್ತು. ಕತೆಯನ್ನು ಟಿಪ್ಪಣಿಯಲ್ಲಿ ಇಡಿ, ವೃಕ್ಷಕ್ಕೆ ತರಬೇಡಿ.

ಎರಡನೆಯ ಕೆಲಸ ರಾಜನ ಕಚೇರಿಯ ಸುರುಳಿಗಳನ್ನು ಗುರುತು ಮಾಡಿಕೊಳ್ಳುವುದು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಇವು ಶ್ರೇಣಿವಾರು ಇವೆ. ಖಜಾನೆಯ ವಾರ್ಷಿಕ ಲೆಕ್ಕವಾದ ಪೈಪ್ ರೋಲ್‌ಗಳ ಶ್ರೇಣಿ ಇ 372. ಬಹಿರಂಗ ಆಜ್ಞೆಗಳಿರುವ ಪೇಟೆಂಟ್ ರೋಲ್‌ಗಳು ಸಿ 66, ಮುದ್ರೆಯೊತ್ತಿ ಮುಚ್ಚಿ ಕಳಿಸಿದ ಆಜ್ಞೆಗಳ ಕ್ಲೋಸ್ ರೋಲ್‌ಗಳು ಸಿ 54, ದಾನ ಮತ್ತು ಹಕ್ಕುಗಳ ಚಾರ್ಟರ್ ರೋಲ್‌ಗಳು ಸಿ 53, ರಾಜನ ಅನುಗ್ರಹಕ್ಕಾಗಿ ಜನ ಒಪ್ಪಿಕೊಂಡ ಹಣದ ಫೈನ್ ರೋಲ್‌ಗಳು ಸಿ 60. ಪೈಪ್ ರೋಲ್‌ಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು 1129–30ರದು; ಅಲ್ಲಿಂದ ದೊಡ್ಡ ಖಾಲಿ ಜಾಗ, ಮತ್ತೆ 1155–56ರಿಂದ ಹೆಚ್ಚುಕಡಿಮೆ ಎಡೆಬಿಡದ ಸಾಲು. ಚಾನ್ಸರಿಯ, ಅಂದರೆ ರಾಜನ ಪತ್ರಗಳನ್ನು ಬರೆಯುವ ಕಚೇರಿಯ, ಸುರುಳಿಗಳೆಲ್ಲ (ಮೇಲಿನ ಸಿ ಶ್ರೇಣಿಗಳು) ಜಾನ್ ರಾಜನ ಕಾಲದಿಂದ, ಅಂದರೆ 1199ರ ನಂತರ ಸಿಗುತ್ತವೆ. ಕ್ಯೂಗೆ ಹೋಗಲೇಬೇಕೆಂದಿಲ್ಲ. ಮೂರನೆಯ ಹೆನ್ರಿಯ ಫೈನ್ ರೋಲ್‌ಗಳ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿದೆ; 1883ರಲ್ಲಿ ಸ್ಥಾಪನೆಯಾದ ಪೈಪ್ ರೋಲ್ ಸೊಸೈಟಿ ಸುರುಳಿಗಳನ್ನು ಅಚ್ಚುಹಾಕುತ್ತಲೇ ಬಂದಿದೆ. ಹುಡುಕುವಾಗ ಮಾರ್ಷಲ್ ಎಂಬ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಲ್ಯಾಟಿನ್ನಿನ ಮಾರೆಸ್ಕಾಲಸ್, ಫ್ರೆಂಚಿನ ಮಾರೆಶಲ್ ರೂಪಗಳನ್ನೂ, ಗಿಲ್ಬರ್ಟನ (ವಿಲಿಯಮನ ಅಜ್ಜನ) ಮಗ ಎಂಬರ್ಥದ ಫಿಟ್ಸ್‌ಗಿಲ್ಬರ್ಟ್ ಎಂಬುದನ್ನೂ ಹಾಕಿ ನೋಡಿ. ಮಾರ್ಷಲ್ ಎಂದು ಕಂಡವರೆಲ್ಲ ಈ ವಂಶದವರೂ ಅಲ್ಲ. ಊರ ಲಾಳಗಾರನಿಗೂ ಅದೇ ಹೆಸರಿರುತ್ತಿತ್ತು.

ಸುರುಳಿ ತೆರೆದ ಕೂಡಲೇ ಎದುರಾಗುವ ತೊಡಕು ತಾರೀಖಿನದು, ಮತ್ತು ಇಲ್ಲಿ ಅವಸರ ಮಾಡಿದವರು ಇಡೀ ವೃಕ್ಷವನ್ನೇ ಒಂದು ವರ್ಷ ಪಕ್ಕಕ್ಕೆ ಸರಿಸಿಬಿಡುತ್ತಾರೆ. ಗುಮಾಸ್ತರು ಕ್ರಿಸ್ತಶಕ ಬರೆಯುವುದಿಲ್ಲ, ರಾಜನ ಆಳ್ವಿಕೆಯ ವರ್ಷ ಬರೆಯುತ್ತಾರೆ. ಖಜಾನೆಯ ವರ್ಷವಾದರೋ ಸೆಪ್ಟೆಂಬರ್ 29ರ ಮೈಕೆಲ್ಮಸ್ ಹಬ್ಬಕ್ಕೆ ಮುಗಿಯುತ್ತದೆ. ಆ ಹಳೆಯ ಪೈಪ್ ರೋಲಿಗೆ ಮೊದಲನೆಯ ಹೆನ್ರಿಯ 31ನೆಯ ವರ್ಷದ್ದೆಂದು ಹೆಸರು. ಹೆನ್ರಿ ಪಟ್ಟಕ್ಕೆ ಬಂದದ್ದು 1100ರ ಆಗಸ್ಟ್ 5ರಂದು. ಹಾಗಾದರೆ ಅವನ 31ನೆಯ ವರ್ಷ ಶುರುವಾಗುವುದು 1130ರ ಆಗಸ್ಟ್ 5ಕ್ಕೆ. ಸುರುಳಿಯ ಲೆಕ್ಕ ಮುಗಿಯುವ ದಿನ, 1130ರ ಸೆಪ್ಟೆಂಬರ್ 29, ಆ ವರ್ಷದೊಳಗೆ ಬೀಳುವುದರಿಂದ ಆ ಹೆಸರು ಬಂತು. ಆದರೆ ಒಳಗಿರುವ ವ್ಯವಹಾರಗಳು ಬಹುಪಾಲು 30ನೆಯ ವರ್ಷದವು. ಜಾನ್ ರಾಜನದು ಇನ್ನೂ ಕಷ್ಟ. ಅವನ ವರ್ಷಗಳನ್ನು ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದಿಂದ ಎಣಿಸುತ್ತಾರೆ, ಆ ಹಬ್ಬವೋ ನಮ್ಮ ಯುಗಾದಿಯ ಹಾಗೆ ಪ್ರತಿವರ್ಷ ಜಾಗ ಬದಲಿಸುತ್ತದೆ. ಅವನ ಮೊದಲ ವರ್ಷ 1199ರ ಮೇ 27ರಿಂದ 1200ರ ಮೇ 17ರವರೆಗೆ ಮಾತ್ರ. ಹಣದ ಲೆಕ್ಕದಲ್ಲಿ ಬರುವ ‘ಮಾರ್ಕ್’ ಕೂಡ ನಾಣ್ಯವಲ್ಲ, 13 ಶಿಲ್ಲಿಂಗ್ 4 ಪೆನ್ನಿಯ ಲೆಕ್ಕದ ಮಾನ, ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು.

ಈಗ ಹಿಂದಕ್ಕೆ ಹತ್ತಬಹುದು. ಆ 1130ರ ಸುರುಳಿಯಲ್ಲಿ ವಿಲಿಯಮನ ತಂದೆ ಜಾನ್, ತನ್ನ ತಂದೆಯ ಭೂಮಿಗೂ ಹುದ್ದೆಗೂ ರಾಜನಿಗೆ ಹಣ ಬಾಕಿ ಇರುವವನಾಗಿ ಕಾಣಿಸುತ್ತಾನೆ. ಒಂದೇ ಒಂದು ಬಾಕಿಯ ನಮೂದು, ಆದರೆ ಅದರಿಂದ ಮೂರು ಸಂಗತಿ ಹೊರಡುತ್ತವೆ: ಜಾನನ ತಂದೆ ಅಷ್ಟರೊಳಗೆ ಇಲ್ಲವಾಗಿದ್ದ, ಜಾನ್ ವಾರಸುದಾರನಾಗಿದ್ದ, ಮಾರ್ಷಲ್ ಹುದ್ದೆ ಆಗಲೇ ಪಿತ್ರಾರ್ಜಿತ ಆಸ್ತಿಯಂತೆ ನಡೆಯುತ್ತಿತ್ತು. ತಂದೆಯ ಹೆಸರು ಗಿಲ್ಬರ್ಟ್ ಎಂಬುದು, ಮತ್ತು ತಂದೆಮಗ ಇಬ್ಬರೂ ಮೊದಲನೆಯ ಹೆನ್ರಿಯ ಆಸ್ಥಾನದಲ್ಲಿ ಈ ಹುದ್ದೆಗೆ ಬಂದ ಪ್ರತಿವಾದಿಗಳನ್ನು ಗೆದ್ದರೆಂಬುದು ತಿಳಿಯುವುದು ಎಪ್ಪತ್ತು ವರ್ಷ ಆಮೇಲಿನ ಕಾಗದದಿಂದ: 1200ರ ಏಪ್ರಿಲ್ 20ರಂದು ಜಾನ್ ರಾಜ ವಿಲಿಯಮನಿಗೆ ಹುದ್ದೆಯನ್ನು ಖಾಯಂ ಮಾಡಿಕೊಟ್ಟ ಸನದು ಹಳೆಯ ವ್ಯಾಜ್ಯವನ್ನು ನೆನಪಿಸಿಕೊಂಡು ಹೇಳುತ್ತದೆ. ಹೊಸ ಸನದಿನ ಪೀಠಿಕೆಯನ್ನು ಬಿಟ್ಟು ಓದುವ ಅಭ್ಯಾಸ ಇದ್ದರೆ ಇಂಥವು ತಪ್ಪಿಹೋಗುತ್ತವೆ. ಗಿಲ್ಬರ್ಟನ ಆಚೆಗೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ.

ಹುದ್ದೆ ಎಂದರೆ ನಿಜವಾಗಿ ಏನು ಕೆಲಸ ಎಂಬುದನ್ನೂ ವಂಶಾವಳಿಯ ಪಕ್ಕದಲ್ಲೇ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಮಾರ್ಷಲ್ ಎಂದ ಕೂಡಲೇ ಇಂದಿನ ಸೇನಾಪತಿ ಕಣ್ಣಮುಂದೆ ಬರುತ್ತಾನೆ. ಅರಮನೆಯ ನೌಕರರ ಸಂಬಳ, ಪಡಿಗಳನ್ನು ವಿವರಿಸುವ ಸುಮಾರು 1136ರ ಪಟ್ಟಿಯೊಂದು ಉಳಿದಿದೆ. ಅದರ ಪ್ರಕಾರ ರಾಜನ ಖಜಾನೆಯಿಂದ ಕೊಟ್ಟ ದಾನ ಮತ್ತು ಬಟವಾಡೆಗಳಿಗೆ ಸಾಕ್ಷಿಯಾದ ಟ್ಯಾಲಿಗಳನ್ನು, ಅಂದರೆ ಕಚ್ಚು ಹಾಕಿ ಸೀಳಿದ ಮರದ ಕಡ್ಡಿಗಳನ್ನು, ಇಟ್ಟುಕೊಳ್ಳುವುದು ಮುಖ್ಯ ಮಾರ್ಷಲ್ ಆದ ಜಾನನ ಹೊಣೆ. ಅವನಿಗೆ ಹೊರಗೆ ಉಂಡರೆ ದಿನಕ್ಕೆ 2 ಶಿಲ್ಲಿಂಗ್, ಅರಮನೆಯಲ್ಲೇ ಉಂಡರೆ 14 ಪೆನ್ನಿ; ಜೊತೆಗೆ ದ್ರಾಕ್ಷಾರಸ, ಮೇಣದಬತ್ತಿ. ಮೇಣದಬತ್ತಿಯ ತುಂಡುಗಳನ್ನೂ ಎಣಿಸಿ ಕೊಡುತ್ತಿದ್ದ ಮನೆಯಲ್ಲಿ ಕೆಲಸಕ್ಕಿದ್ದವನ ಮಗ ಮುಂದೆ ಇಡೀ ರಾಜ್ಯದ ಪಾಲಕನಾದ.

ಆ ಮಗನ ರಾಜಸೇವೆಯನ್ನು ಕಟ್ಟುವ ದಾರಿ ಸನದುಗಳ ಕೊನೆಯಲ್ಲಿರುವ ಸಾಕ್ಷಿಗಳ ಪಟ್ಟಿ. ಒಂದು ಹಾಳೆಯಲ್ಲಿ ತಾರೀಖು, ಊರು, ಸಾಕ್ಷಿಗಳ ಸಾಲಿನಲ್ಲಿ ಅವನ ಸ್ಥಾನ ಎಂಬ ಮೂರು ಕಾಲಂ ಹಾಕಿ ತುಂಬುತ್ತ ಹೋಗಿ. ಅವನು ಎಲ್ಲಿದ್ದ ಎಂಬುದರಷ್ಟೇ ಮುಖ್ಯ ಅವನು ಎಲ್ಲಿ ಇಲ್ಲ ಎಂಬುದು. 1207ರಿಂದ 1213ರವರೆಗೆ ಬಹುಕಾಲ ವಿಲಿಯಂ ಐರ್ಲೆಂಡಿನಲ್ಲಿದ್ದ. ರಾಜನೊಂದಿಗೆ ಮನಸ್ತಾಪ, ಹಿರಿಯ ಮಕ್ಕಳಿಬ್ಬರು ಒತ್ತೆಯಾಳುಗಳು. ಪಟ್ಟಿಯಲ್ಲಿ ಹೆಸರು ವಿರಳವಾಗುವುದು ಆ ಮುನಿಸಿನ ನೆರಳು. ಆಮೇಲೆ 1215ರ ಮ್ಯಾಗ್ನಾ ಕಾರ್ಟಾದ ಪೀಠಿಕೆಯಲ್ಲಿ ಸಲಹೆಗಾರ ಬ್ಯಾರನ್‌ಗಳ ಸಾಲಿನಲ್ಲಿ ಮೊದಲ ಹೆಸರು ಅವನದೇ. ಮರುವರ್ಷ ಒಂಬತ್ತು ವರ್ಷದ ಬಾಲಕ ಮೂರನೆಯ ಹೆನ್ರಿಯ ಪರವಾಗಿ ರಾಜ್ಯಭಾರ, 1217ರ ಮೇ 20ರಂದು ಲಿಂಕನ್ ಕಾಳಗ.

ಸಂಬಂಧಸೂಚಕ ಪದಗಳ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ಅನುವಾದಗಳಲ್ಲಿ ‘ಅಂಕಲ್’ ಎಂದು ಕಲಸಿಹೋಗುವುದನ್ನು ಲ್ಯಾಟಿನ್ ಎರಡಾಗಿ ಹೇಳುತ್ತದೆ: ಅವುಂಕುಲಸ್ ಎಂದರೆ ಸೋದರಮಾವ, ಪಾತ್ರುವಸ್ ಎಂದರೆ ಚಿಕ್ಕಪ್ಪ ಅಥವಾ ದೊಡ್ಡಪ್ಪ. ಮಧ್ಯಯುಗದ ಬರಹಗಾರರು ಇವನ್ನು ಸದಾ ಬಿಗಿಯಾಗಿ ಬಳಸಿದರೆಂದಲ್ಲ, ಆದರೂ ಸುಳಿವು ಸುಳಿವೇ. 1168ರಲ್ಲಿ ಫ್ರಾನ್ಸಿನ ಪ್ವಾತೂದಲ್ಲಿ ಕೊಲೆಯಾದ ಸಾಲ್ಸ್‌ಬರಿಯ ಅರ್ಲ್ ಪ್ಯಾಟ್ರಿಕ್ ವಿಲಿಯಮನ ಸೋದರಮಾವ. ಜಾನನ ಮೊದಲ ಹೆಂಡತಿಯ ಮಕ್ಕಳಾದ ಗಿಲ್ಬರ್ಟ್, ವಾಲ್ಟರರಿಗೆ ಆ ಸಂಬಂಧವಿಲ್ಲ, ಏಕೆಂದರೆ ಪ್ಯಾಟ್ರಿಕ್ ಎರಡನೆಯ ಹೆಂಡತಿ ಸಿಬಿಲಳ ಸೋದರ. ಸೋದರಮಾವ ಯಾರೆಂದು ತಿಳಿದರೆ ತಾಯಿ ಯಾರೆಂದು ತಿಳಿಯುತ್ತದೆ. ಇದಕ್ಕೆ ವಿರುದ್ಧವಾಗಿ ನೆಪೋಸ್ ಎಂಬ ಪದ ಮೊಮ್ಮಗನಿಗೂ ಬರುತ್ತದೆ, ಅಣ್ಣತಮ್ಮಂದಿರ ಮಗನಿಗೂ ಬರುತ್ತದೆ, ಅಕ್ಕತಂಗಿಯರ ಮಗನಿಗೂ ಬರುತ್ತದೆ. ಅದನ್ನು ಕಂಡಲ್ಲಿ ಬೇರೆ ಆಧಾರ ಸಿಗುವವರೆಗೆ ಪೆನ್ಸಿಲ್ಲಿನಲ್ಲೇ ಬರೆಯಿರಿ.

ವಿಲಿಯಮನ ಬದುಕನ್ನು ಹಾಡಿದ 19,214 ಸಾಲುಗಳ ಹಳೆಯ ಫ್ರೆಂಚ್ ಕಾವ್ಯವೊಂದಿದೆ. ಅವನು ಸತ್ತ ಕೆಲವೇ ವರ್ಷಗಳಲ್ಲಿ ಮನೆಯವರ ಖರ್ಚಿನಲ್ಲಿ ಬರೆಸಿದ್ದು. 1861ರ ಹರಾಜಿನಲ್ಲಿ ಕಣ್ಣಿಗೆ ಬಿದ್ದ ಹಸ್ತಪ್ರತಿಯನ್ನು ಪಾಲ್ ಮೇಯರ್ ಎಂಬ ಫ್ರೆಂಚ್ ವಿದ್ವಾಂಸ ಮತ್ತೆ ಕೈಗೆ ತಂದುಕೊಂಡದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಓದಲು ಸೊಗಸು, ವಂಶಾವಳಿಗೆ ಅರ್ಧ ನಂಬಬಹುದು. 1216ರಲ್ಲಿ ಅವನಿಗೆ ಎಂಬತ್ತು ದಾಟಿತ್ತು ಎನ್ನುತ್ತದೆ ಕಾವ್ಯ. ಹಾಗಾದರೆ ಅವನು ಹುಟ್ಟಿದ್ದು 1136ಕ್ಕೂ ಮೊದಲು. ಆದರೆ ತಂದೆತಾಯಿಯರ ಮದುವೆಯೇ 1140ರ ದಶಕದ್ದು. 1152ರ ನ್ಯೂಬರಿ ಮುತ್ತಿಗೆಯಲ್ಲಿ ಸ್ಟೀಫನ್ ರಾಜನ ಕೈಯಲ್ಲಿ ಒತ್ತೆಯಾಗಿದ್ದಾಗ ಅವನು ಆಟವಾಡುವ ಸಣ್ಣ ಹುಡುಗನೆಂದು ಅದೇ ಕಾವ್ಯ ವರ್ಣಿಸುತ್ತದೆ. ಹಾಗಾಗಿ ಇತಿಹಾಸಕಾರರು ಜನನವನ್ನು ಸುಮಾರು 1146–47ಕ್ಕೆ ತರುತ್ತಾರೆ. ಕಾವ್ಯದ ವಯಸ್ಸಿಗಿಂತ ಮದುವೆಯ ಕಾಲವನ್ನು ನೆಚ್ಚುವುದು ಸರಿ.

ಇನ್ನು ಹೆಣ್ಣುಮಕ್ಕಳು. ಆತುರದ ವಂಶವೃಕ್ಷಗಳು ಇವರನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ, ಆದರೆ ಮಾರ್ಷಲ್ ಆಸ್ತಿಯೆಲ್ಲ ಹರಿದುಹೋದದ್ದು ಇವರ ಮೂಲಕವೇ. ವಿಲಿಯಮನಿಗೂ ಭಾಗ್ಯ ಬಂದದ್ದು ಹೆಂಡತಿಯಿಂದ: 1189ರಲ್ಲಿ ಅವನು ಮದುವೆಯಾದ ಇಸಬೆಲ್ ಡಿ ಕ್ಲೇರ್ ಪೆಂಬ್ರೋಕ್, ಚೆಪ್‌ಸ್ಟೋ ಮತ್ತು ಐರ್ಲೆಂಡಿನ ಲೆನ್ಸ್ಟರ್‌ಗಳ ವಾರಸುದಾರಿಣಿ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಗಂಡುಮಕ್ಕಳಿದ್ದರೆ ಹಿರಿಯನಿಗೆ ಎಲ್ಲವೂ, ಗಂಡಿಲ್ಲದೆ ಹೆಣ್ಣುಮಕ್ಕಳಷ್ಟೇ ಇದ್ದರೆ ಸಮಪಾಲು. ಸತ್ತ ಮಗಳ ಪಾಲು ಅವಳ ಮಕ್ಕಳಿಗೆ. ಹೀಗೆ 1247ರ ಹೊತ್ತಿಗೆ ಆಸ್ತಿ ಐದು ಹಿಸ್ಸೆಯಾಯಿತು: ಮಟಿಲ್ಡಾಳ ಪಾಲು ಬಿಗಾಡ್ ಮನೆಗೆ, ಇಸಬೆಲ್‌ಳದು ಕ್ಲೇರ್ ಮನೆಗೆ, ಜೋನ್‌ಳದು ಅವಳ ಮಗಳ ಮೂಲಕ ವಿಲಿಯಂ ಡಿ ವಾಲೆನ್ಸ್‌ಗೆ, ಈವಾಳದು ಬ್ರೋಸ್ ಹೆಣ್ಣುಮಕ್ಕಳಿಗೆ, ಸಿಬಿಲ್‌ಳದು ಫೆರರ್ಸ್ ಮನೆಯ ಏಳು ಹೆಣ್ಣುಮಕ್ಕಳಿಗೆ. ಇದಲ್ಲದೆ ವಿಧವೆಯರಿಗೆ ಬದುಕಿರುವವರೆಗೆ ಗಂಡನ ಭೂಮಿಯ ಮೂರನೇ ಒಂದು ಪಾಲು. ಕಿರಿಯ ವಿಲಿಯಮನ ವಿಧವೆ ಎಲಿನರ್ ಮೂರನೆಯ ಹೆನ್ರಿ ರಾಜನ ತಂಗಿ. ಐರ್ಲೆಂಡ್ ಮತ್ತು ವೇಲ್ಸ್‌ಗಳ ಪಾಲಿನ ಬದಲು ವರ್ಷಕ್ಕೆ 400 ಪೌಂಡ್ ಎಂದು ಒಪ್ಪಿಸಿದ್ದರು. ಅದು ತೀರಾ ಕಡಿಮೆಯಾಯಿತೆಂದು ಅವಳೂ ಎರಡನೆಯ ಗಂಡ ಸೈಮನ್ ಡಿ ಮಾಂಟ್‌ಫರ್ಟ್‌ನೂ ದಶಕಗಳ ಕಾಲ ರಾಜನೊಂದಿಗೆ ಜಗಳವಾಡಿದರು. ನಮಗೆ ಆ ಜಗಳ ಲಾಭವೇ, ದಾಖಲೆ ಹೆಚ್ಚಿತು.

ಭೂಮಿಯನ್ನು ಹಂಚಬಹುದು, ಹುದ್ದೆಯನ್ನು ಐದು ತುಂಡು ಮಾಡಲಾಗುವುದಿಲ್ಲ. 1246ರಲ್ಲಿ ಹುದ್ದೆಯ ಗುರುತಾದ ಮಾರ್ಷಲ್ ಕೋಲು ಹಿರಿಮಗಳಾದ ಮಟಿಲ್ಡಾಳಿಗೆ, ಅವಳಿಂದ ಮಗ ರೋಜರ್ ಬಿಗಾಡ್‌ಗೆ ಸಂದಿತು. ಆದ್ದರಿಂದ ಒಂದೇ ಹಾಳೆಯಲ್ಲಿ ಎಲ್ಲವನ್ನೂ ತುರುಕದೆ ರಕ್ತಕ್ಕೊಂದು, ಹುದ್ದೆಗೊಂದು ಎಂದು ಎರಡು ವೃಕ್ಷ ಬರೆಯಿರಿ. ಮೊದಲನೆಯದರಲ್ಲಿ ಮಾರ್ಷಲ್ ಹೆಸರು 1245ಕ್ಕೆ ನಿಲ್ಲುತ್ತದೆ. ಎರಡನೆಯದು ಬಿಗಾಡ್‌ರಲ್ಲಿ ಮುಂದುವರಿದು, ಸಂತಾನವಿಲ್ಲದ ಕೊನೆಯ ರೋಜರ್ 1302ರಲ್ಲಿ ಹುದ್ದೆಯನ್ನು ರಾಜನಿಗೆ ಒಪ್ಪಿಸಿದಲ್ಲಿ ಒಮ್ಮೆ ತುಂಡಾಗಿ, 1316ರಲ್ಲಿ ರಾಜಕುಮಾರ ಬ್ರದರ್ಟನ್ನಿನ ಥಾಮಸ್‌ನಲ್ಲಿ ಮತ್ತೆ ಚಿಗುರಿ, ಮೋಬ್ರೆಗಳ ಮೂಲಕ ಹೊವರ್ಡ್‌ರಿಗೆ ತಲುಪುತ್ತದೆ. 1672ರಿಂದ ಅದು ಹೊವರ್ಡ್ ಮನೆಯಲ್ಲಿ ವಂಶಪಾರಂಪರ್ಯವಾಗಿದೆ. 2023ರ ಪಟ್ಟಾಭಿಷೇಕದ ಏರ್ಪಾಡು ನೋಡಿಕೊಂಡವರೂ ಆ ಮನೆಯ ಅರ್ಲ್ ಮಾರ್ಷಲರೇ.

ಕೊನೆಗೆ ಹಿಸ್ಸೆಗಳ ತಾಳೆ ನೋಡಿ. ಸಿಬಿಲ್‌ಳ ಪ್ರತಿ ಮಗಳಿಗೆ ಐದನೇ ಒಂದರ ಏಳನೇ ಒಂದು, ಅಂದರೆ ಇಡೀ ಆಸ್ತಿಯ 35ರಲ್ಲಿ ಒಂದು ಪಾಲು. ನಿಮ್ಮ ವೃಕ್ಷದಲ್ಲಿರುವ ವಾರಸುದಾರರ ಪಾಲುಗಳನ್ನೆಲ್ಲ ಕೂಡಿಸಿದಾಗ ಸರಿಯಾಗಿ ಒಂದು ಬರಬೇಕು. ಕಡಿಮೆ ಬಂದರೆ ಒಬ್ಬ ಮಗಳನ್ನು ಬಿಟ್ಟಿದ್ದೀರಿ. ಹೆಚ್ಚು ಬಂದರೆ ಒಬ್ಬಳನ್ನೇ ಎರಡು ಗಂಡಂದಿರ ಹೆಸರಿನಲ್ಲಿ ಎರಡು ಸಲ ಬರೆದಿದ್ದೀರಿ.