ಮಹಿಳಾ ಮಂಡಳದ ಉಪನ್ಯಾಸ ಪ್ರವಾಸ: ಹುಬ್ಬಳ್ಳಿ, ಗದಗ, ಹಾವೇರಿ ಭಾಗದಲ್ಲಿ ಯೋಜಿಸುವ ಬಗೆ

ಮನೆತನ, ಮದುವೆ, ಮಕ್ಕಳ ಸಂಸ್ಕಾರ, ಹಿರಿಯರ ಆರೈಕೆ, ಮಿತವಾದ ಬದುಕು ಇವೆಲ್ಲ ಉಳಿಯಬೇಕೆಂಬ ನಂಬಿಕೆಯಿಂದ ನಡೆಯುವ ಮಹಿಳಾ ಮಂಡಳಗಳು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ. ಆದರೆ ಅವುಗಳ ಮಾತು ಹೆಚ್ಚಾಗಿ ತಮ್ಮ ಓಣಿಯ ಗುಡಿ, ಮಠಗಳಲ್ಲೇ ಉಳಿದುಬಿಡುತ್ತದೆ. ವಾಹನ ಮಾಡಿಕೊಂಡು ಆ ಮಾತನ್ನು ಊರೂರಿಗೆ ಒಯ್ಯಲು ಬಯಸುವವರು ಮೊದಲು ಒಂದು ಕಟ್ಟಳೆಯನ್ನು ಹಾಕಿಕೊಳ್ಳಬೇಕು. ಸಂಸಾರದ ಬಗ್ಗೆ ಮಾತನಾಡಲು ಹೋಗುವ ತಂಡದಿಂದ ಯಾರ ಸಂಸಾರದ ದಿನಚರಿಯೂ ಕೆಡಬಾರದು. ಹೋಗುವವರ ಮನೆಯದೂ ಕೆಡಬಾರದು, ಕೇಳಲು ಬರುವವರ ಮನೆಯದೂ ಕೆಡಬಾರದು. ಊರು, ದಿನ, ಹೊತ್ತು, ವಿಷಯ ಎಲ್ಲವನ್ನೂ ಇದಕ್ಕೆ ಹೊಂದಿಸಿಕೊಂಡೇ ಗೊತ್ತುಮಾಡಬೇಕು.

ಮೊದಲ ಪ್ರವಾಸಕ್ಕೆ ತ್ರಿಕೋನದ ದಾರಿ ಅನುಕೂಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮಾರ್ಗವಾಗಿ ಗದಗ ಸುಮಾರು 60 ಕಿಲೋಮೀಟರು. ಅಲ್ಲಿಂದ ಲಕ್ಷ್ಮೇಶ್ವರ, ಸವಣೂರು ದಾಟಿ ಹಾವೇರಿ ಸೇರಬಹುದು. ಹಾವೇರಿಯಿಂದ ಬಂಕಾಪುರ, ಶಿಗ್ಗಾವಿ ಮೇಲೆ ಹೆದ್ದಾರಿ ಹಿಡಿದರೆ ಹುಬ್ಬಳ್ಳಿ ಸುಮಾರು 75 ಕಿಲೋಮೀಟರು. ದಿನಕ್ಕೆ ಒಂದು ದೊಡ್ಡ ಊರು, ಒಂದು ಸಣ್ಣ ಊರು ಸಾಕು. ಮೂರನೆಯದನ್ನು ಸೇರಿಸಿದರೆ ಎಲ್ಲ ಕಡೆಯೂ ತಡವಾಗಿ ಹೋಗಬೇಕಾಗುತ್ತದೆ, ತಡವಾಗಿ ಬಂದವರ ಮಾತಿಗೆ ಹೆಣ್ಣುಮಕ್ಕಳು ಕಾಯುತ್ತ ಕೂಡಲಾರರು, ಏಕೆಂದರೆ ಅವರಿಗೆ ಮನೆಯಲ್ಲಿ ಒಲೆ ಕಾಯುತ್ತಿರುತ್ತದೆ.

ಬಾಡಿಗೆ ವಾಹನ ಹಳದಿ ನಂಬರ್ ಫಲಕದ್ದೇ ಆಗಿರಬೇಕು. ಪರಿಚಯದವರ ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಹಿಡಿದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತೊಡಕಾಗುತ್ತದೆ. ಕತ್ತಲಲ್ಲಿ ಪ್ರಯಾಣ ಬೇಡ. ನಸುಕಿನ ಪ್ರಯಾಣವೂ ಬೇಡ. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್ ಧಾರವಾಡದ ಬಳಿ ಇಟ್ಟಿಗಟ್ಟಿಯಲ್ಲಿ ಟಿಪ್ಪರಿಗೆ ಡಿಕ್ಕಿಯಾದ ದುರಂತವನ್ನು ಈ ಭಾಗದವರು ಮರೆತಿಲ್ಲ. ಚಾಲಕನಿಗೆ ಹೊತ್ತಿಗೆ ಸರಿಯಾಗಿ ಊಟವನ್ನೂ ರಾತ್ರಿ ಮಲಗಲು ಒಳ್ಳೆಯ ಜಾಗವನ್ನೂ ಕೊಡುವುದು ಮಂಡಳದ ಹೊಣೆ. ಅದನ್ನು ಆತನಿಗೇ ಬಿಟ್ಟುಬಿಡಬಾರದು.

ಕಾಲದ ಆಯ್ಕೆಯಲ್ಲಿ ಪಂಚಾಂಗದ ಜೊತೆಗೆ ಹೊಲವನ್ನೂ ನೋಡಬೇಕು. ಪಟ್ಟಣಗಳಿಗೆ ಶ್ರಾವಣ ಬಹಳ ಒಳ್ಳೆಯದು; ಮಠಗಳಲ್ಲಿ ಪ್ರವಚನ ನಡೆಯುತ್ತಿರುತ್ತದೆ, ಹೆಣ್ಣುಮಕ್ಕಳು ಹೇಗೂ ಅಲ್ಲಿಗೆ ಬರುತ್ತಾರೆ, ಹೊಸದಾಗಿ ಜನ ಸೇರಿಸಬೇಕಾಗಿಲ್ಲ. ಆದರೆ ನವಲಗುಂದ, ನರಗುಂದದ ಎರೆ ಸೀಮೆಯ ಹಳ್ಳಿಗಳಿಗೆ ಅದೇ ಹೊತ್ತಿನಲ್ಲಿ ಹೋದರೆ ಮಳೆಗೆ ಕಾಲುದಾರಿ ಕೆಸರಾಗಿರುತ್ತದೆ, ಹೆಸರುಕಾಳು ಬಿಡಿಸುವ ಕೆಲಸವೂ ಎದುರಾಗುತ್ತದೆ. ಬ್ಯಾಡಗಿಯ ಕಡೆ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿಯ ಸುಗ್ಗಿ. ಬಿಡಿಸುವುದು, ಒಣಹಾಕುವುದು, ತೊಟ್ಟು ತೆಗೆಯುವುದು ಎಲ್ಲವೂ ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲೇ ನಡೆಯುವುದರಿಂದ ಆಗ ಅವರನ್ನು ಕರೆದರೆ ಒಂದು ದಿನದ ಕೂಲಿಯನ್ನು ಕಳೆದಂತಾಗುತ್ತದೆ. ಪಿತೃಪಕ್ಷ ಬೇಡ, ಮಾರ್ಚ್‌, ಏಪ್ರಿಲ್‌ನ ಪರೀಕ್ಷೆಯ ದಿನಗಳೂ ಬೇಡ. ಹಳ್ಳಿಗಳಿಗೆ ಎತ್ತು ಹೂಡದ ಸೋಮವಾರ, ಅಮಾವಾಸ್ಯೆಗಳು ಹೊಂದುತ್ತವೆ, ಆದರೆ ಆ ಊರಿನ ಸಂತೆ ಅದೇ ದಿನವಿದೆಯೇ ಎಂದು ಕೇಳಿಕೊಳ್ಳಬೇಕು. ಹೊತ್ತು ಮಧ್ಯಾಹ್ನದ ಊಟ ಮುಗಿದ ಮೇಲಿನದು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಮುಗಿಯುವಂಥದ್ದು.

ಆಮಂತ್ರಣ ಪತ್ರಿಕೆಯನ್ನು ನಂಬಿ ಕೂಡಬಾರದು. ಪ್ರತಿ ಊರಿನಲ್ಲಿಯೂ ನಾಲ್ಕು ಮನೆಯವರು ಮಾತು ಕೇಳುವಂಥ ಒಬ್ಬ ಹಿರಿಯ ತಾಯಿ ಇರುತ್ತಾರೆ. ಮಠದ ದಾಸೋಹದಲ್ಲಿ ರೊಟ್ಟಿ ಬಡಿಯುವವರು ಇರಬಹುದು, ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಇರಬಹುದು. ಹದಿನೈದು ದಿನ ಮೊದಲೇ ಇಬ್ಬರು ಹೋಗಿ ಅವರ ಮನೆಯಲ್ಲಿ ಕುಳಿತು, ‘ಅವ್ವಾರ, ನಿಮ್ಮ ಊರಾಗ ಹೆಣ್ಣುಮಕ್ಕಳಿಗೆ ಯಾವ ಮಾತು ಬೇಕಾಗೇತ್ರಿ?’ ಎಂದು ಕೇಳಬೇಕು. ಅವರು ಹೇಳಿದ್ದೇ ವಿಷಯವಾಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಹೆಣ್ಣುಮಕ್ಕಳಿಗೆ ಉಚಿತವಾಗಿರುವುದರಿಂದ ಈ ಓಡಾಟಕ್ಕೆ ಮಂಡಳದ ಹಣ ಖರ್ಚಾಗುವುದಿಲ್ಲ.

ಅದೇ ಭೇಟಿಯಲ್ಲಿ ಸಭೆಯ ಜಾಗವನ್ನು ಕಣ್ಣಾರೆ ನೋಡಬೇಕು. ಸಮುದಾಯ ಭವನದ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ, ನೀರಿದೆಯೇ, ಕೀಲಿ ಯಾರ ಬಳಿ ಇದೆ ಎಂಬುದು ವೇದಿಕೆಯ ಅಲಂಕಾರಕ್ಕಿಂತ ಮುಖ್ಯ. ಜಮಖಾನೆ ಹಾಸಿದರೂ ಮೊಣಕಾಲು ನೋವಿನ ಹಿರಿಯರಿಗೆ ಗೋಡೆಯ ಉದ್ದಕ್ಕೆ ಒಂದು ಸಾಲು ಕುರ್ಚಿ ಬೇಕು. ಮೈಕಿನ ಕೋಲನ್ನು ಗಂಡಸರ ಎತ್ತರಕ್ಕೆ ಬಿಗಿದಿಟ್ಟಿರುತ್ತಾರೆ. ಸಭೆಗೆ ಮೊದಲೇ ಇಳಿಸಿಡದಿದ್ದರೆ ನಮ್ಮವರು ಹಿಮ್ಮಡಿ ಎತ್ತಿಕೊಂಡು, ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡು ಮಾತನಾಡುತ್ತಾರೆ, ಅರ್ಧ ಮಾತು ಯಾರಿಗೂ ಕೇಳಿಸುವುದಿಲ್ಲ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿಯನ್ನು ಬರಹದಲ್ಲಿ ಪಡೆಯಬೇಕು. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿದ್ದರೆ ಪ್ರವಾಸವನ್ನೇ ಮುಂದೂಡುವುದು ಉತ್ತಮ.

ಇನ್ನು ಮಾತು. ಒಬ್ಬರಿಗೆ ಇಪ್ಪತ್ತು ನಿಮಿಷ, ಒಂದೇ ವಿಷಯ, ಆಡುಮಾತಿನಲ್ಲಿ. ‘ಇಂದಿನ ಸೊಸೆಯಂದಿರು ಕೆಟ್ಟಿದ್ದಾರೆ’ ಎಂದು ಭಾಷಣ ಆರಂಭಿಸುವ ರೂಢಿಯನ್ನು ಸಂಪೂರ್ಣವಾಗಿ ಬಿಡಬೇಕು. ಸಭೆಯಲ್ಲಿ ಅತ್ತೆ, ಸೊಸೆ ಒಂದೇ ಜಮಖಾನೆಯ ಮೇಲೆ ಕುಳಿತಿರುತ್ತಾರೆ. ಆ ಮಾತು ಬಂದ ಕೂಡಲೇ ಸೊಸೆ ತಲೆ ತಗ್ಗಿಸಿ ಬಳೆ ತಿರುಗಿಸುತ್ತಾಳೆ, ಅತ್ತೆ ಅವಳ ಕಡೆಗೆ ನೋಡುತ್ತಾಳೆ, ಆ ಮೇಲೆ ಅವಳಿಗೆ ನಮ್ಮ ಯಾವ ಮಾತೂ ಹಿಡಿಸುವುದಿಲ್ಲ. ಕೂಡುಕುಟುಂಬ ಉಳಿಯಬೇಕಾದರೆ ಅತ್ತೆಗೂ ನಾಲ್ಕು ಮಾತು ಹೇಳಬೇಕು. ಮದುವೆಯ ಪಾವಿತ್ರ್ಯದ ಬಗ್ಗೆ ಮಾತನಾಡುವವರು ವರದಕ್ಷಿಣೆ 1961ರಿಂದಲೇ ಕಾನೂನಿನಲ್ಲಿ ಅಪರಾಧವೆಂಬುದನ್ನೂ, ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡಬಾರದೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಮಠಗಳ ಸಾಮೂಹಿಕ ವಿವಾಹವನ್ನು ಸಾಲವಿಲ್ಲದ ದಾರಿಯೆಂದು ತೋರಿಸಬೇಕು. ಕುಡಿತದ ವಿಷಯವನ್ನು ಯಾವ ಊರಿನಲ್ಲೂ ಬಿಡಬಾರದು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತರೂ ಹಳ್ಳಿಯ ಹೆಣ್ಣುಮಗಳ ಗೋಳು ನಿಂತಿಲ್ಲ.

ದೃಷ್ಟಾಂತಗಳನ್ನು ದೂರದಿಂದ ತರಬೇಕಾಗಿಲ್ಲ. ಗದಗಿನಿಂದ ಹತ್ತಿರವೇ ಇರುವ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಸಾವಿರ ವರ್ಷಗಳಿಂದ ನಿಂತಿದೆ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಆ ತಾಯಿ ಮಗನನ್ನು ಬೆಳೆಸಿ, ಪೊನ್ನನ ಕಾವ್ಯದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿ, ದಾನಚಿಂತಾಮಣಿ ಎನಿಸಿಕೊಂಡರು. ಧರ್ಮನಿಷ್ಠೆಯೂ ದಿಟ್ಟತನವೂ ಒಂದೇ ಬಾಳಿನಲ್ಲಿ ಇರಬಲ್ಲವೆಂಬುದನ್ನು ತೋರಿಸಲು ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಸಿಗುವುದಿಲ್ಲ. ಅದೇ ಕಾರಣಕ್ಕೆ, ಸಭೆಯ ಕೊನೆಯಲ್ಲಿ ಉಡಿ ತುಂಬುವಾಗ ಗಂಡನನ್ನು ಕಳೆದುಕೊಂಡವರನ್ನು ಬದಿಗೆ ಸರಿಸಬಾರದು. ಎಲ್ಲರಿಗೂ ಹೂವು, ಹಣ್ಣು, ಖಣವನ್ನು ಒಂದೇ ಸಾಲಿನಲ್ಲಿ ಕೊಡುವುದರಿಂದ ಸಂಪ್ರದಾಯಕ್ಕೆ ಯಾವ ಊನವೂ ಬರುವುದಿಲ್ಲ.

ಭಾಷಣ ಮುಗಿದ ಮೇಲೆ ಅರ್ಧ ಗಂಟೆಯನ್ನು ಬಿಡುವಾಗಿ ಇಟ್ಟುಕೊಳ್ಳಬೇಕು. ಮೈಕಿನ ಮುಂದೆ ಪ್ರಶ್ನೆ ಕೇಳದವರು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಹತ್ತಿರ ಬಂದು ಸಣ್ಣ ದನಿಯಲ್ಲಿ ಮಾತು ತೆಗೆಯುತ್ತಾರೆ. ಹೊಡೆತದ ವಿಷಯ ಬಂದರೆ ‘ಹೊಂದಿಕೊಂಡು ಹೋಗವ್ವಾ’ ಎಂದು ಕಳಿಸಿಬಿಡುವುದು ಪಾಪ. ಮನೆ ಉಳಿಯಬೇಕೆಂಬ ನಮ್ಮ ಹಂಬಲ ಹೆಣ್ಣುಮಗಳ ಜೀವಕ್ಕಿಂತ ದೊಡ್ಡದಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಎಂಬ ಎರಡು ಸಂಖ್ಯೆಗಳನ್ನು ಅಲ್ಲಿಯೇ ಬರೆದುಕೊಡಬೇಕು, 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಲ್ಲಿ ರಕ್ಷಣೆ ಉಂಟೆಂದು ತಿಳಿಸಬೇಕು, ಆಕೆಯ ಹೆಸರನ್ನು ಮುಂದಿನ ಊರಿನ ಭಾಷಣದಲ್ಲಿ ಉದಾಹರಣೆಯಾಗಿ ಬಳಸಬಾರದು.

ವಸತಿಗೆ ಲಾಡ್ಜಿಗಿಂತ ಮಂಡಳದವರ ಮನೆಗಳೇ ಮೇಲು, ಆದರೆ ಒಂದು ಮನೆಗೆ ಇಬ್ಬರಿಗಿಂತ ಹೆಚ್ಚು ಬೇಡ. ಸೋಮವಾರದ ಒಪ್ಪತ್ತು ಯಾರಿಗೆ, ಉಳ್ಳಾಗಡ್ಡಿ ತಿನ್ನದವರು ಯಾರು ಎಂಬುದನ್ನು ಮೊದಲೇ ತಿಳಿಸಬೇಕು. ದಾರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡರೆ ಎರಡು ದಿನ ಕೆಡುವುದಿಲ್ಲ.

ಹಣದ ವಿಷಯದಲ್ಲಿ ಬಿಗಿಯಿರಬೇಕು. ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿ, ಹಣದ ಚೀಲ ಇನ್ನೊಬ್ಬರ ಕೈಯಲ್ಲಿ ಇರಲಿ. ದೇಣಿಗೆಗೆ ರಸೀದಿ ಕೊಡಬೇಕು. ರಾಜಕೀಯ ಪಕ್ಷದವರ ವಾಹನ, ಬ್ಯಾನರು, ಊಟ ಮೂರನ್ನೂ ವಿನಯದಿಂದ ನಿರಾಕರಿಸಬೇಕು. ಒಮ್ಮೆ ತೆಗೆದುಕೊಂಡರೆ ಮುಂದಿನ ಊರಿನ ಅರ್ಧ ಮನೆಗಳ ಬಾಗಿಲು ಮುಚ್ಚುತ್ತವೆ. ಮರಳಿ ಬಂದ ವಾರದೊಳಗೆ ಆತಿಥ್ಯ ಮಾಡಿದ ಪ್ರತಿ ತಾಯಿಗೂ ಫೋನ್ ಮಾಡಿ, ಖರ್ಚಿನ ಲೆಕ್ಕವನ್ನು ಮಂಡಳದ ಸಭೆಯಲ್ಲಿ ಓದಿ, ಯಾವ ಊರಿನವರು ಮತ್ತೆ ಕರೆದಿದ್ದಾರೆ, ಯಾವ ವಿಷಯಕ್ಕೆ ಕರೆದಿದ್ದಾರೆ ಎಂಬುದನ್ನು ಅದೇ ಪುಸ್ತಕದಲ್ಲಿ ಬರೆದಿಡಬೇಕು.