ಬೆಟಗೇರಿಯ ಮನೆಯಲ್ಲಿ ವಚನ ಗಾಯನದ ಧ್ವನಿಮುದ್ರಣ: ನನ್ನ ಅನುಭವ

ವಚನ ಹಾಡಿದರೆ ಅಕ್ಷರ ಅಕ್ಷರವೂ ಕೇಳಬೇಕು. ದನಿ, ಪೇಟಿ (ಹಾರ್ಮೋನಿಯಂ), ತಬಲಾ ಮೂರನ್ನೂ ಒಂದೇ ಮೈಕಿನಲ್ಲಿ ಹಿಡಿದರೆ ತಾರ ಸಪ್ತಕದಲ್ಲಿ ದನಿ ಚೆನ್ನಾಗಿಯೇ ಬರುತ್ತದೆ. ಮಂದ್ರಕ್ಕೆ ಇಳಿದ ಕೂಡಲೇ ಅದು ಪೇಟಿಯ ಸ್ವರದಡಿ ಸಿಕ್ಕಿಕೊಂಡು ಸಾಹಿತ್ಯ ಮಸುಕಾಗುತ್ತದೆ. ಆಮೇಲೆ ಎಷ್ಟು ತಿದ್ದಿದರೂ ಅದು ಮರಳಿ ಬಾರದು. ಅದಕ್ಕಾಗಿ ನಾನು ಒಂದೊಂದನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಮುದ್ರಿಸುತ್ತೇನೆ.

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಸಂಗೀತ ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಸ್ವತಃ ಅಂಧರು. ಹಾಡಲು, ನುಡಿಸಲು ಆ ಆಶ್ರಮ ಯಾರ ಕಣ್ಣನ್ನೂ ಕೇಳಲಿಲ್ಲ. ಹಾಡಿದ್ದನ್ನು ಮುದ್ರಿಸುವಾಗ ಮಾತ್ರ ಪಕ್ಕದಲ್ಲಿ ಒಬ್ಬರು ಕುಳಿತು ಪರದೆ ಓದಿ ಹೇಳಬೇಕಾಗುತ್ತಿತ್ತು. ದನಿ ಎಷ್ಟಿರಬೇಕು, ತಬಲಾ ಎಷ್ಟಿರಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಆ ತೀರ್ಮಾನ ಹಾಡುವವನದ್ದಾಗಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಈಗ ನನ್ನ ಕೈಯಲ್ಲಿರುವುದು ಝೂಮ್ ಎಚ್‌4 ಎಸೆನ್ಷಿಯಲ್ ಎಂಬ ರೆಕಾರ್ಡರ್. 2024ರಲ್ಲಿ ಬಂದ ಈ ಸರಣಿಯ ಯಂತ್ರಗಳು ಮೆನುವನ್ನು ಮಾತನಾಡಿ ತಿಳಿಸುತ್ತವೆ. ಕನ್ನಡದಲ್ಲಿ ಮಾತನಾಡುವುದಿಲ್ಲ, ಇಂಗ್ಲಿಷಿನಲ್ಲಿ ಹೇಳುತ್ತದೆ. ಆ ನಾಲ್ಕಾರು ಪದ ಬಾಯಿಪಾಠವಾಗಲು ಹೊತ್ತು ಬೇಕಾಗಲಿಲ್ಲ. ನನಗೆ ಇನ್ನೂ ದೊಡ್ಡ ಅನುಕೂಲವಾದದ್ದು 32 ಬಿಟ್ ಫ್ಲೋಟ್ ಎಂಬ ಮುದ್ರಣ ವಿಧಾನ. ಮೆಲುದನಿಗೆ ಒಂದು, ದೊಡ್ಡ ದನಿಗೆ ಒಂದು ಎಂದು ಎರಡು ಪರಿವರ್ತಕಗಳು ಒಟ್ಟಿಗೆ ಕೆಲಸ ಮಾಡುವುದರಿಂದ ಮುದ್ರಿಸುವಾಗ ಮೀಟರಿನ ಮುಳ್ಳು ನೋಡುತ್ತ ಗೇನ್ (ದನಿ ಹಿಡಿಯುವ ಮಟ್ಟ) ತಿರುಗಿಸುವ ಪಾಡೇ ಇಲ್ಲ. ಆದರೂ ಮೈಕೇ ತಾಳಲಾರದಷ್ಟು ಹತ್ತಿರದಿಂದ ಕೂಗಿದರೆ ದನಿ ಒಡೆಯುತ್ತದೆ. ಅದನ್ನು ಯಾವ ಬಿಟ್ಟೂ ಉಳಿಸಲಾರದು.

ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಮೈಕ್ ಇಡುವುದಕ್ಕೆ. ದನಿಗೆ ಕಾರ್ಡಿಯಾಯ್ಡ್ ಮೈಕ್ ಬಳಸುತ್ತೇನೆ. ಅದು ಮುಂದಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ನೇರ ಹಿಂಬದಿಯಿಂದ ಬರುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಕೇಬಲ್ ಸಿಕ್ಕಿಸುವ ತುದಿಯನ್ನು ಬೆರಳಿನಿಂದ ಹುಡುಕಿ, ಆ ತುದಿ ಪೇಟಿಯ ಕಡೆಗೆ ಬರುವಂತೆ ಸ್ಟ್ಯಾಂಡ್ ತಿರುಗಿಸುತ್ತೇನೆ. ಬಾಯಿಯಿಂದ ಮೈಕಿಗೆ ಒಂದು ಗೇಣು. ಪೇಟಿಯ ಮೈಕ್ ದನಿಯ ಮೈಕಿನಿಂದ ಕಡಿಮೆಯೆಂದರೆ ಮೂರು ಗೇಣು ದೂರವಿರಬೇಕು. ಒಂದೇ ದನಿ ಎರಡು ಮೈಕುಗಳಿಗೆ ಸ್ವಲ್ಪ ಹಿಂದುಮುಂದಾಗಿ ತಲುಪಿದರೆ ಕೂಡಿಸಿದಾಗ ಟೊಳ್ಳಾಗಿ ಕೇಳುತ್ತದೆ. ಒಂದಕ್ಕೆ ಮೂರರಷ್ಟು ದೂರವಿಟ್ಟರೆ ಆ ತೊಂದರೆ ಬಹಳ ಕಡಿಮೆಯಾಗುತ್ತದೆ. ಪೇಟಿಯ ಮೈಕನ್ನು ತಿದಿಯ ಬೆನ್ನಿಗೆ ಇಟ್ಟರೆ ಗಾಳಿಯ ಸುಯ್ಯೆಂಬ ಸದ್ದೇ ತುಂಬಿಕೊಳ್ಳುತ್ತದೆ. ತಿದಿಯನ್ನು ಬಿಟ್ಟು ಪಕ್ಕಕ್ಕೆ, ಸ್ವರಪಟ್ಟಿಗಳ ಮೇಲ್ಭಾಗಕ್ಕೆ ಓರೆಯಾಗಿ ಹಿಡಿದರೆ ಸ್ವರ ಸ್ವಚ್ಛವಾಗಿ ಬರುತ್ತದೆ.

ಈ ಎರಡು ಮೈಕುಗಳು ರೆಕಾರ್ಡರಿನ ಒಂದು ಮತ್ತು ಎರಡನೆಯ ಇನ್‌ಪುಟ್ಟಿಗೆ ಹೋಗುತ್ತವೆ. ರೆಕಾರ್ಡರನ್ನು ತಬಲಾದ ಎದುರು ಒಂದು ಮೊಳ ದೂರದಲ್ಲಿ ಪುಟ್ಟ ಟ್ರೈಪಾಡಿನ ಮೇಲೆ ನಿಲ್ಲಿಸುತ್ತೇನೆ. ಅದರ ತಲೆಯಲ್ಲಿರುವ ಜೋಡಿ ಮೈಕುಗಳು ದಾಯಾ, ಬಾಯಾ ಎರಡನ್ನೂ ಎಡಬಲವಾಗಿ ಹಿಡಿಯುತ್ತವೆ. ಹೀಗೆ ನಾಲ್ಕು ಟ್ರ್ಯಾಕ್. ಶ್ರುತಿಗೆ ಪೇಟಿಯೇ ಯಜಮಾನ. ಅದರ ಸ್ವರವನ್ನು ಕೂತಲ್ಲಿ ಬದಲಿಸಲಾಗದ ಕಾರಣ ತಬಲಾವನ್ನೂ ತಾನಪುರದ ಆ್ಯಪನ್ನೂ ಅದರ ಷಡ್ಜಕ್ಕೇ ಕೂಡಿಸುತ್ತೇವೆ.

ಬೆಟಗೇರಿ ನೇಕಾರರ ಊರು. ಓಣಿಯಲ್ಲಿ ಮಗ್ಗಗಳು ನಡೆಯುವಾಗ ಮುದ್ರಿಸಲು ಕೂರುವುದಿಲ್ಲ. ಕೊನೆಯ ಮಗ್ಗ ನಿಂತ ಮೇಲೆ ಫ್ಯಾನ್, ಫ್ರಿಜ್ ಆರಿಸಿ, ಕಿಟಕಿಗೆ ಕೌದಿ ಇಳಿಬಿಟ್ಟು ಶುರುಮಾಡುತ್ತೇವೆ.

ಮುಖ್ಯ ಹಾಡಿಕೆಯನ್ನು ಒಟ್ಟಿಗೆ ಕೂತೇ ಮುದ್ರಿಸಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಮೆಟ್ರೊನೋಮಿನ ಕ್ಲಿಕ್ ಕಿವಿಗಿಟ್ಟುಕೊಂಡು ಮೊದಲು ತಬಲಾ, ಆಮೇಲೆ ದನಿ ಎಂದು ಮುದ್ರಿಸುವವರಿದ್ದಾರೆ. ವಚನಕ್ಕೆ ಅದು ಒಗ್ಗುವುದಿಲ್ಲ. ಒಂದು ಸಾಲನ್ನು ನಾನು ತುಸು ತಡೆದು ಬಿಟ್ಟಾಗ ತಬಲಾದವರು ನನ್ನ ಉಸಿರು ಕೇಳಿ ಸಮಕ್ಕೆ ಬರುತ್ತಾರೆ. ಆ ಕೊಡುಕೊಳ್ಳುವಿಕೆ ಎದುರೆದುರು ಕೂತಾಗಲೇ ಸಾಧ್ಯ. ಪ್ರತಿ ಸಲ ಆರಂಭದಲ್ಲಿ ವಚನದ ಮೊದಲ ಪದ, ರಾಗ, ಎಷ್ಟನೆಯ ಸಲ ಎಂಬುದನ್ನು ಬಾಯಲ್ಲೇ ಹೇಳುತ್ತೇನೆ. ಫೈಲಿನ ಹೆಸರಿನಲ್ಲಿ ಬರೀ ದಿನಾಂಕ, ಸಮಯ ಇರುವುದರಿಂದ ಮುಂದೆ ಹುಡುಕಲು ಈ ಮಾತೇ ಗುರುತು.

ಪಿಟೀಲು ಮಾತ್ರ ಬೇರೆ ದಿನ ಸೇರುತ್ತದೆ. ಆಗ ಅದೇ ರೆಕಾರ್ಡರನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶ ತೆರೆಯುತ್ತೇನೆ. ಉಚಿತವಾಗಿ ಸಿಗುವ ಎನ್‌ವಿಡಿಎ ಪರದೆ ಓದುತ್ತದೆ. ಒಸಾರಾ ಎಂಬ ಉಚಿತ ವಿಸ್ತರಣೆ ರೀಪರಿನ ಒಳಗೆ ನಡೆಯುವುದನ್ನು ಅದರ ಬಾಯಲ್ಲಿ ಹೇಳಿಸುತ್ತದೆ. ಟ್ರ್ಯಾಕುಗಳಿಗೆ ಕನ್ನಡದಲ್ಲೇ ಹೆಸರಿಡುತ್ತೇನೆ; ಬಾಣದ ಕೀಲಿ ಒತ್ತಿದಂತೆ ‘ದನಿ’, ‘ಪೇಟಿ’, ‘ತಬಲಾ’ ಎಂದು ಓದಿ ಹೇಳುತ್ತದೆ. ಕಂಟ್ರೋಲ್ ಟಿ ಹೊಸ ಟ್ರ್ಯಾಕಿಗೆ; ಒಸಾರಾದ ಕೀಲಿ ವಿನ್ಯಾಸದಲ್ಲಿ ಎಫ್‌7 ಅದನ್ನು ಮುದ್ರಣಕ್ಕೆ ಸಿದ್ಧಮಾಡುತ್ತದೆ; ಕಂಟ್ರೋಲ್ ಆರ್ ಒತ್ತಿದರೆ ಮುದ್ರಣ ಆರಂಭ.

ಕಣ್ಣಿಲ್ಲದ ಸಂಗೀತಗಾರರಿಗೆ ಇಲ್ಲಿ ಒಂದು ಸಂಗತಿ ಒತ್ತಿ ಹೇಳಬೇಕು. ಎನ್‌ವಿಡಿಎ ಮಾತೂ ಸಂಗೀತವೂ ಒಂದೇ ಹೆಡ್‌ಫೋನಿನಲ್ಲಿ ಬಂದರೆ ಶ್ರುತಿ ಗಮನಿಸಲು ಆಗುವುದಿಲ್ಲ. ಎನ್‌ವಿಡಿಎ ಸೆಟ್ಟಿಂಗಿನಲ್ಲಿ ಅದರ ಧ್ವನಿ ಲ್ಯಾಪ್‌ಟಾಪಿನ ಸ್ವಂತ ಸಾಧನಕ್ಕೆ ಹೋಗುವಂತೆ ಆರಿಸಿ, ಸಂಗೀತವನ್ನು ರೆಕಾರ್ಡರಿನ ಹೆಡ್‌ಫೋನ್ ಜ್ಯಾಕಿನಿಂದ ಕೇಳುತ್ತೇನೆ. ಪಿಟೀಲು ಆರಂಭವಾಗುವ ಮುನ್ನ ಇನ್ಸರ್ಟ್ ಮತ್ತು ಎಸ್ ಕೀಲಿ ಒತ್ತಿ ಮಾತು ನಿಲ್ಲಿಸುತ್ತೇನೆ. ಪಿಟೀಲಿನವರು ಮುಚ್ಚಿದ ಹೆಡ್‌ಫೋನಿನಲ್ಲಿ ನನ್ನ ದನಿ ಕೇಳುತ್ತ ಸಾಲುಗಳ ನಡುವಿನ ಬಿಡುವಿನಲ್ಲಿ ಉತ್ತರ ಕೊಡುತ್ತಾರೆ. ತಬಲಾದವರು ಮೊದಲು ಬಾರಿಸಿಟ್ಟ ಒಂದು ಆವರ್ತನ ಕೆಹರವಾ ತಾಳ ಪಿಟೀಲಿನವರಿಗೆ ಎತ್ತುಗಡೆ.

ಟ್ರ್ಯಾಕುಗಳನ್ನು ಕೂಡಿಸುವ ಮಿಕ್ಸಿಂಗಿನಲ್ಲಿ ಪೇಟಿಯನ್ನು ತಗ್ಗಿಸುತ್ತ ಬಂದು ಮಂದ್ರದ ಅಕ್ಷರಗಳು ಸ್ಪಷ್ಟವಾದಲ್ಲಿ ನಿಲ್ಲಿಸುತ್ತೇನೆ. ಮಟ್ಟ ಮೀರಿದರೆ ಒಸಾರಾದ ಪೀಕ್ ವಾಚರ್ ಎಚ್ಚರಿಸುತ್ತದೆ. ಬಿಡಿ ಟ್ರ್ಯಾಕುಗಳನ್ನು ಅಳಿಸುವುದಿಲ್ಲ, ಎರಡು ಕಡೆ ನಕಲು ಇಡುತ್ತೇನೆ. ಪಾಠಕ್ಕೆ ಬರುವ ಹುಡುಗರಿಗೆ ದನಿಯ ಟ್ರ್ಯಾಕನ್ನು ಎಫ್‌5 ಒತ್ತಿ ಮುಚ್ಚಿ ಉಳಿದದ್ದನ್ನು ಮೊಬೈಲಿಗೆ ಹಾಕಿಕೊಡುತ್ತೇನೆ. ನನ್ನ ದನಿ ಸ್ವಲ್ಪ ಪೇಟಿಯ ಮೈಕಿಗೂ ಸೋರಿರುತ್ತದೆ. ದಾರಿ ತಪ್ಪಿದ ಹುಡುಗರು ಅದನ್ನೇ ಹಿಡಿದು ಮತ್ತೆ ಸಾಲಿಗೆ ಬರುತ್ತಾರೆ.